ಅಪ್ಪಾಜಿ ಇನ್ನಿಂಗ್ಸ್ ಕಳೀದೆ ಪಿಎಸ್ 4 ಹಾರ್ಡ್ ಡ್ರೈವ್ ಬದಲಿಸೋದು ಹೇಗೆ?

ನಾವು ಸೆಕೆಂಡ್ ಇಯರ್‌ನ ನಾಲ್ಕು ಜನ, ಒಂದೇ ಹಾಸ್ಟೆಲ್ ರೂಮಿನವರು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಒತ್ತಕ್ಷರ, ದೀರ್ಘ ತಪ್ಪಿದ್ದರೆ ಬೈಕೋಬೇಡಿ. ವಿಷಯ ಮಾತ್ರ ಸರಿಯಾಗಿದೆ, ಯಾಕಂದ್ರೆ ಎಲ್ಲವನ್ನೂ ಕೈಯಾರೆ ಮಾಡಿ ನೋಡಿದ ಮೇಲೇ ಬರೀತಿದ್ದೇವೆ.

ನಮ್ಮ ರೂಮಿನಲ್ಲಿ ಒಂದು ಪಿಎಸ್ 4 ಇದೆ. ರೂಮ್‌ಮೇಟ್ ಒಬ್ಬನ ಅಕ್ಕ 2016ರಲ್ಲಿ ತನ್ನ ಮೊದಲ ಸಂಬಳದಲ್ಲಿ ತಗೊಂಡಿದ್ದು. ಒಳಗೆ 500 ಜಿಬಿ ಹಾರ್ಡ್ ಡ್ರೈವ್. ಒಂದು ಹೊಸ ಗೇಮ್ ಹಾಕಬೇಕು ಅಂದ್ರೆ ಎರಡು ಹಳೇ ಗೇಮ್ ಡಿಲೀಟ್ ಮಾಡಬೇಕು, ಯಾವುದು ಡಿಲೀಟ್ ಅಂತ ನಾಲ್ಕು ಜನ ಜಗಳ ಆಡಬೇಕು. ಕೊನೆಗೆ ನಾಲ್ವರೂ ಪಾಲು ಹಾಕಿ ಹೊಸ ಡ್ರೈವ್ ತರೋಣ ಅಂತ ತೀರ್ಮಾನ ಆಯ್ತು.

ಗೆಳೆಯ ಅಕ್ಕನಿಗೆ ಫೋನ್ ಮಾಡಿ ಕೇಳಿದ. ಅವರು ಹೇಳಿದ್ದು ಒಂದೇ ಮಾತು: "ಮಾಡ್ಕೊಳೋ. ಆದ್ರೆ ಅಪ್ಪಾಜಿ ಕ್ರಿಕೆಟ್ ಹೋಯ್ತು ಅಂದ್ರೆ ಹಬ್ಬಕ್ಕೆ ಮನೆಗೆ ಬರಬೇಡ."

2020ರ ಲಾಕ್‌ಡೌನ್‌ನಲ್ಲಿ ಅವರ ಅಪ್ಪಾಜಿ ಟೈಮ್ ಪಾಸ್‌ಗೆ ಅಂತ ಒಂದು ಕ್ರಿಕೆಟ್ ಗೇಮ್ ಶುರು ಮಾಡಿದ್ದರಂತೆ. ತಮ್ಮದೇ ಹೆಸರಿನ ಬ್ಯಾಟ್ಸ್‌ಮನ್, ತಮ್ಮದೇ ಟೀಮ್. ಈಗಲೂ ರಜೆಗೆ ಪಿಎಸ್ 4 ಮನೆಗೆ ಹೋದರೆ ಮೊದಲ ಎರಡು ದಿನ ಅದು ಅವರದ್ದೇ. ನಮ್ಮ ಗೇಮ್ ಹೋದ್ರೆ ಮತ್ತೆ ಆಡಬಹುದು. ಐದು ವರ್ಷದ ಆ ಕರಿಯರ್ ಹೋದ್ರೆ ನಾವು ಯಾವ ಮುಖ ಇಟ್ಕೊಂಡು ಅವರ ಮನೆ ಒಬ್ಬಟ್ಟು ತಿನ್ನೋದು?

ಹಾಗಾಗಿ ಸ್ಕ್ರೂಡ್ರೈವರ್ ಮುಟ್ಟೋಕೆ ಮುಂಚೆ ಒಂದು ವಾರ ಓದಿದೆವು. ಅದರ ಸಾರಾಂಶ ಇದು.

1. ನೇರ ಕಾಪಿ ಯಾಕೆ ಆಗಲ್ಲ?

ಮೊದಲು ಎಲ್ಲರಿಗೂ ಬರೋ ಐಡಿಯಾ: ಹಳೇ ಡ್ರೈವ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿ, ಎಲ್ಲಾ ಫೈಲ್ ಕಾಪಿ ಮಾಡಿ, ಹೊಸದಕ್ಕೆ ಪೇಸ್ಟ್ ಮಾಡಿದ್ರೆ ಆಯ್ತಲ್ವಾ? ಆಗಲ್ಲ. ಪಿಎಸ್ 4 ತನ್ನ ಡ್ರೈವ್‌ನಲ್ಲಿರೋ ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿ ಇಡುತ್ತೆ. ಅದರ ಕೀ ಆ ಕನ್ಸೋಲ್‌ಗೇ ಸೇರಿದ್ದು. ನಿಮ್ಮ ವಿಂಡೋಸ್‌ಗೆ ಅದು ಖಾಲಿ ಅಥವಾ ಗೊತ್ತಿಲ್ಲದ ಡಿಸ್ಕ್ ಥರ ಕಾಣುತ್ತೆ. ಅಷ್ಟೇ ಅಲ್ಲ, "ಫಾರ್ಮ್ಯಾಟ್ ಮಾಡ್ಲಾ?" ಅಂತ ಬೇರೆ ಕೇಳುತ್ತೆ. ಅಲ್ಲಿ ಅಪ್ಪಿತಪ್ಪಿ ಹೂಂ ಅಂದ್ರೆ ಮುಗೀತು ಕಥೆ. ಆದ್ದರಿಂದ ಹಳೇ ಡ್ರೈವನ್ನು ಯಾವ ಲ್ಯಾಪ್‌ಟಾಪ್‌ಗೂ ಹಾಕಬೇಡಿ. ಕನ್ಸೋಲ್ ಕೈಯಲ್ಲೇ ಬ್ಯಾಕಪ್ ತೆಗೆಸಿ.

2. ಯಾವ ಡ್ರೈವ್ ತರಬೇಕು?

ಪಿಎಸ್ 4ಗೆ ಬೇಕಾಗಿರೋದು ಲ್ಯಾಪ್‌ಟಾಪ್ ಸೈಜಿನ 2.5 ಇಂಚಿನ ಸಾಟಾ ಡ್ರೈವ್. ದಪ್ಪ 9.5 ಮಿ.ಮೀ. ಮೀರಬಾರದು, ಸಾಮರ್ಥ್ಯ 160 ಜಿಬಿಗಿಂತ ಕಡಿಮೆ ಇರಬಾರದು. ದಪ್ಪದ ಬಗ್ಗೆ ಹುಷಾರು: 2.5 ಇಂಚಿನಲ್ಲಿ 4 ಟಿಬಿ ಹಾರ್ಡ್ ಡ್ರೈವ್‌ಗಳು ಸಾಮಾನ್ಯವಾಗಿ 15 ಮಿ.ಮೀ. ಇರುತ್ತವೆ, ಒಳಗೆ ಕೂರಲ್ಲ.

ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿನಾ? ಸ್ವಲ್ಪ ಲೆಕ್ಕ ಮಾಡೋಣ. 5400 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 90 ಸುತ್ತು. ಒಂದು ಸುತ್ತಿಗೆ 11.1 ಮಿಲಿಸೆಕೆಂಡ್. ಬೇಕಾದ ಡೇಟಾ ಹೆಡ್ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದ್ರೆ ಸುಮಾರು 5.6 ಮಿಲಿಸೆಕೆಂಡ್. ಹೆಡ್ ಸರಿಯೋ ಸಮಯ ಇದರ ಮೇಲೆ ಬೇರೆ. ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ, ಆದ್ದರಿಂದ ಈ ಕಾಯುವಿಕೆಯೇ ಇಲ್ಲ. ಆದ್ರೆ ಮೊದಲ ಮಾಡೆಲ್‌ನ ಸಾಟಾ ವೇಗ 3 ಜಿಬಿಪಿಎಸ್. 8 ಬಿಟ್ ಕಳಿಸೋಕೆ 10 ಬಿಟ್ ಬಳಸೋ ಎನ್‌ಕೋಡಿಂಗ್ ಕಳೆದರೆ ಸೆಕೆಂಡಿಗೆ 300 ಎಂಬಿ ಗರಿಷ್ಠ. ಬಾಕ್ಸ್ ಮೇಲೆ 500 ಅಂತ ಬರೆದಿದ್ದರೂ ಅಷ್ಟು ಸಿಗಲ್ಲ. ಅಂದ್ರೆ ಅತಿ ದುಬಾರಿ ಎಸ್‌ಎಸ್‌ಡಿ ತಗೋಳೋದು ದಂಡ, ಸಾಧಾರಣದ್ದೇ ಸಾಕು. ನಾವು ಎಸ್.ಪಿ. ರೋಡ್‌ಗೆ ಹೋಗಿ 1 ಟಿಬಿಯ, 7 ಮಿ.ಮೀ. ದಪ್ಪದ ಎಸ್‌ಎಸ್‌ಡಿ ತಂದೆವು.

ಬಿಚ್ಚೋ ತಲೆನೋವೇ ಬೇಡ ಅನ್ನೋರಿಗೆ ಇನ್ನೊಂದು ದಾರಿ: ಯುಎಸ್‌ಬಿ 3.0 ಎಕ್ಸ್‌ಟರ್ನಲ್ ಡ್ರೈವ್ ಹಾಕಿ ಅದರಲ್ಲಿ ಗೇಮ್ ಇಡಬಹುದು. 2017ರ 4.50 ಅಪ್‌ಡೇಟ್‌ನಿಂದ ಈ ಸೌಲಭ್ಯ ಇದೆ. ಆದ್ರೆ ಸೇವ್ ಡೇಟಾ ಮಾತ್ರ ಒಳಗಿನ ಡ್ರೈವ್‌ನಲ್ಲೇ ಇರುತ್ತೆ.

3. ಬ್ಯಾಕಪ್: ಅವಸರ ಬೇಡ

ಮೊದಲು ಹಳೇ ಡ್ರೈವ್‌ನಲ್ಲೇ ಸಿಸ್ಟಮ್ ಸಾಫ್ಟ್‌ವೇರನ್ನು ಇತ್ತೀಚಿನ ವರ್ಷನ್‌ಗೆ ಅಪ್‌ಡೇಟ್ ಮಾಡಿ. ಹೊಸ ಡ್ರೈವ್‌ಗೂ ಅದೇ ವರ್ಷನ್ ಹೋಗುತ್ತೆ, ಎರಡೂ ಒಂದೇ ಆಗಿರುತ್ತೆ.

ಎರಡನೇದು, ಟ್ರೋಫಿ. ಬ್ಯಾಕಪ್‌ನಲ್ಲಿ ಟ್ರೋಫಿ ಬರಲ್ಲ! ಪ್ರತಿಯೊಬ್ಬ ಯೂಸರ್ ಲಾಗಿನ್ ಆಗಿ, ಟ್ರೋಫಿ ಸ್ಕ್ರೀನ್‌ನಲ್ಲಿ ಆಪ್ಷನ್ಸ್ ಬಟನ್ ಒತ್ತಿ, ಪ್ಲೇಸ್ಟೇಷನ್ ನೆಟ್‌ವರ್ಕ್ ಜೊತೆ ಸಿಂಕ್ ಮಾಡಬೇಕು. ಇಲ್ಲಿ ನಮಗೆ ಮೊದಲ ಶಾಕ್. ಅಪ್ಪಾಜಿ ಪ್ರೊಫೈಲ್ ಬರೀ ಲೋಕಲ್ ಯೂಸರ್, ಯಾವತ್ತೂ ಆನ್‌ಲೈನ್ ಅಕೌಂಟ್ ಮಾಡಿರಲಿಲ್ಲ. ಸಿಂಕ್ ಮಾಡೋಕೆ ಜಾಗವೇ ಇಲ್ಲ. ಅಕ್ಕನಿಗೆ ಮತ್ತೆ ಫೋನ್. "ಸೇವ್ ಉಳಿಯುತ್ತೆ ಅಕ್ಕಾ, ಟ್ರೋಫಿ ಹೋಗುತ್ತೆ" ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೋಟೋ ತೆಗೆದು ಕಳಿಸ್ರೋ" ಅಂದ್ರು. ಇದ್ದ 11 ಟ್ರೋಫಿಯ ಫೋಟೋ ತೆಗೆದು ಕಳಿಸಿದೆವು.

ಮೂರನೇದು, ಬ್ಯಾಕಪ್. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಅನ್ನು ಪಿಎಸ್ 4 ಓದಲ್ಲ. ಫ್ಯಾಟ್32 ನಡೆಯುತ್ತೆ, ಆದ್ರೆ ಅದರಲ್ಲಿ ಒಂದೊಂದು ಫೈಲ್‌ಗೆ 4 ಜಿಬಿ ಮಿತಿ ಇದೆ. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಬ್ಯಾಕಪ್ ಅಂಡ್ ರಿಸ್ಟೋರ್, ಬ್ಯಾಕಪ್ ಪಿಎಸ್ 4. ಗೇಮ್‌ಗಳನ್ನೂ ಸೇರಿಸಬೇಕಾ ಅಂತ ಅಲ್ಲೇ ಆರಿಸಬಹುದು. ಸೆಕೆಂಡಿಗೆ 40 ಎಂಬಿ ವೇಗ ಅಂತ ಇಟ್ಕೊಳ್ಳಿ: 380 ಜಿಬಿಗೆ 9,500 ಸೆಕೆಂಡ್, ಅಂದ್ರೆ ಎರಡೂವರೆ ಗಂಟೆಗೂ ಜಾಸ್ತಿ. ಗೇಮ್ ಬಿಟ್ಟು 20 ಜಿಬಿ ಮಾತ್ರ ಅಂದ್ರೆ 500 ಸೆಕೆಂಡ್. ಗೇಮ್ ಮತ್ತೆ ಡೌನ್‌ಲೋಡ್ ಮಾಡ್ಕೋಬಹುದು, ಸೇವ್ ಎಲ್ಲೂ ಸಿಗಲ್ಲ. ನಾವು ಗೇಮ್ ಬಿಟ್ಟೆವು. ಈ ಹೊತ್ತಲ್ಲಿ ಕರೆಂಟ್ ಹೋಗಬಾರದು, ಹಾಸ್ಟೆಲ್‌ನಲ್ಲಿದ್ದರೆ ಯುಪಿಎಸ್ ಇರೋ ರೂಮ್ ಹುಡುಕಿ.

ನೆನಪಿಡಿ: ಈ ಬ್ಯಾಕಪ್‌ನ ಸೇವ್ ಡೇಟಾ ಅದೇ ಕನ್ಸೋಲ್‌ಗೆ ಮಾತ್ರ ವಾಪಸ್ ಬರುತ್ತೆ. ಗೆಳೆಯನ ಪಿಎಸ್ 4ಗೆ ಹಾಕೋಕೆ ಹೋಗಬೇಡಿ.

4. ಬಿಚ್ಚೋದು, ಹಾಕೋದು

ಇದು ಎಲ್ಲಕ್ಕಿಂತ ಸುಲಭದ ಭಾಗ. ರೆಸ್ಟ್ ಮೋಡ್ ಅಲ್ಲ, ಪೂರ್ತಿ ಆಫ್ ಮಾಡಿ ಎಲ್ಲಾ ಕೇಬಲ್ ಕಿತ್ತುಬಿಡಿ. ಯಾವುದಾದ್ರೂ ಲೋಹ ಮುಟ್ಟಿ ಕೈಯಲ್ಲಿನ ಸ್ಟ್ಯಾಟಿಕ್ ಕಳ್ಕೊಳ್ಳಿ. ಹಳೇ ದಪ್ಪ ಮಾಡೆಲ್ ಆದ್ರೆ ಎದುರಿಂದ ನೋಡಿದಾಗ ಮೇಲ್ಭಾಗದ ಎಡಗಡೆ ಮುಚ್ಚಳವನ್ನು ಒತ್ತಿ ಹೊರಗಡೆಗೆ ಸರಿಸಿ. ಸ್ಲಿಮ್ ಮತ್ತು ಪ್ರೋದಲ್ಲಿ ಹಿಂಭಾಗದಲ್ಲಿ ಚಿಕ್ಕ ಮುಚ್ಚಳ ಇರುತ್ತೆ. ತ್ರಿಕೋನ, ವೃತ್ತ, ಕ್ರಾಸ್, ಚೌಕದ ಚಿತ್ರ ಇರೋ ಒಂದೇ ಸ್ಕ್ರೂ ಕಾಣುತ್ತೆ. ಸ್ಟಾರ್ ಸ್ಕ್ರೂಡ್ರೈವರ್‌ನಲ್ಲಿ ಅದನ್ನು ಬಿಚ್ಚಿ ಬ್ರ್ಯಾಕೆಟ್ ಎಳೆದರೆ ಡ್ರೈವ್ ಜೊತೆಗೇ ಬರುತ್ತೆ. ಅದನ್ನು ಹಿಡಿದಿರೋ ನಾಲ್ಕು ಸ್ಕ್ರೂ ಬಿಚ್ಚಿ, ಹೊಸದನ್ನು ಅದೇ ದಿಕ್ಕಿನಲ್ಲಿ ಕೂರಿಸಿ, ಬಂದ ದಾರಿಯಲ್ಲೇ ವಾಪಸ್ ಹಾಕಿ. ಬಿಚ್ಚೋ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಂಡರೆ ದಿಕ್ಕಿನ ಬಗ್ಗೆ ಜಗಳ ಇರಲ್ಲ. ಸ್ಕ್ರೂ ಹಾಕೋಕೆ ಮೆಸ್‌ನ ಸ್ಟೀಲ್ ಬಟ್ಟಲು ಬೆಸ್ಟ್.

5. ಸಾಫ್ಟ್‌ವೇರ್ ಹಾಕೋದು, ರಿಸ್ಟೋರ್ ಮಾಡೋದು

ಹೊಸ ಡ್ರೈವ್ ಪೂರ್ತಿ ಖಾಲಿ. ಬೇರೆ ಒಂದು ಪೆನ್‌ಡ್ರೈವನ್ನು ಫ್ಯಾಟ್32 ಮಾಡಿ, ಅದರಲ್ಲಿ "ಪಿಎಸ್4" ಅನ್ನೋ ಫೋಲ್ಡರ್, ಅದರೊಳಗೆ "ಅಪ್‌ಡೇಟ್" ಅನ್ನೋ ಫೋಲ್ಡರ್, ಅದರೊಳಗೆ ಸೋನಿ ಸೈಟಿನಿಂದ ಇಳಿಸಿದ ಫೈಲ್. ಹೆಸರುಗಳೆಲ್ಲ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರಬೇಕು.

ಇಲ್ಲಿ ನಾವು ತಪ್ಪು ಮಾಡಿದೆವು. ಸೈಟಿನಲ್ಲಿ ಎರಡು ಫೈಲ್ ಇರುತ್ತೆ, ಎರಡರ ಹೆಸರೂ ಒಂದೇ. ಒಂದು ಅಪ್‌ಡೇಟ್‌ಗೆ, ಚಿಕ್ಕದು. ಇನ್ನೊಂದು ರೀಇನ್‌ಸ್ಟಾಲ್‌ಗೆ, ಸುಮಾರು 1 ಜಿಬಿ. ಚಿಕ್ಕದನ್ನು ಹಾಕಿದ್ದಕ್ಕೆ ಕನ್ಸೋಲ್ "ರೀಇನ್‌ಸ್ಟಾಲ್ ಫೈಲ್ ಇರೋ ಯುಎಸ್‌ಬಿ ಹಾಕಿ" ಅಂತ ಒಂದೇ ರಾಗ ಹಾಡ್ತಾ ಇತ್ತು. ರಾತ್ರಿ 11ರಿಂದ 1 ಗಂಟೆವರೆಗೆ ಪೆನ್‌ಡ್ರೈವನ್ನೇ ಬೈದೆವು, ಪಾಪ.

ಸರಿಯಾದ ಫೈಲ್ ಹಾಕಿದ ಮೇಲೆ ಕಂಟ್ರೋಲರನ್ನು ಕೇಬಲ್‌ನಲ್ಲಿ ಕನೆಕ್ಟ್ ಮಾಡಿ. ಸೇಫ್ ಮೋಡ್ ತಾನಾಗೇ ಬರದಿದ್ರೆ ಪವರ್ ಬಟನ್ ಒತ್ತಿ ಹಿಡೀರಿ, ಸುಮಾರು 7 ಸೆಕೆಂಡಿಗೆ ಎರಡನೇ ಬೀಪ್ ಬಂದಾಗ ಬಿಡಿ. ಅದರಲ್ಲಿ 7ನೇ ಆಯ್ಕೆ: ಇನಿಷಿಯಲೈಸ್, ರೀಇನ್‌ಸ್ಟಾಲ್ ಸಿಸ್ಟಮ್ ಸಾಫ್ಟ್‌ವೇರ್. ಈ ಆಯ್ಕೆ ಡ್ರೈವನ್ನು ಪೂರ್ತಿ ಅಳಿಸುತ್ತೆ, ಹಾಗಾಗಿ ಹಳೇ ಡ್ರೈವ್ ಒಳಗಿರೋವಾಗ ಇದನ್ನು ಒತ್ತಲೇಬಾರದು. ನಮ್ಮ ಸೀನಿಯರ್ ಒಬ್ಬರು ಹೀಗೇ ಒತ್ತಿ ನಾಲ್ಕು ವರ್ಷದ ಸೇವ್ ಕಳ್ಕೊಂಡಿದ್ದಾರೆ.

ಸಿಸ್ಟಮ್ ಆನ್ ಆದ ಮೇಲೆ ಅದೇ ಬ್ಯಾಕಪ್ ಅಂಡ್ ರಿಸ್ಟೋರ್‌ಗೆ ಹೋಗಿ ರಿಸ್ಟೋರ್ ಪಿಎಸ್ 4 ಕೊಡಿ. ನಮ್ಮ ಐದೂ ಪ್ರೊಫೈಲ್ ಬಂತು. ಕೊನೆಯಲ್ಲಿ ಅಪ್ಪಾಜಿದು!

6. ಕೊನೇ ಗಂಡಾಂತರ

ಖುಷಿಯಲ್ಲಿ ಕ್ರಿಕೆಟ್ ಡಿಸ್ಕ್ ಹಾಕಿ ಇನ್‌ಸ್ಟಾಲ್ ಮಾಡಿದೆವು. ಗೇಮ್ ಓಪನ್ ಆಯ್ತು, ಕರಿಯರ್ ಓಪನ್ ಆಗಲಿಲ್ಲ. ರೂಮ್‌ಮೇಟ್ ಮುಖ ಬಿಳಚಿಕೊಂಡಿತು. "ನ್ಯೂ ಕರಿಯರ್ ಒತ್ತಿ ನೋಡೋಣ್ವಾ?" ಅಂತ ಒಬ್ಬ ಅಂದ. ಪುಣ್ಯಕ್ಕೆ ಒತ್ತಲಿಲ್ಲ. ಒತ್ತಿದ್ರೆ ಹಳೇ ಸೇವ್ ಮೇಲೆ ಹೊಸದು ಕೂರೋ ಅಪಾಯ ಇತ್ತು. ಯೋಚನೆ ಮಾಡಿದಾಗ ಹೊಳೀತು: ಡಿಸ್ಕ್‌ನಲ್ಲಿರೋದು ಗೇಮ್‌ನ ಮೊದಲ ವರ್ಷನ್, ಸೇವ್ ಆಗಿದ್ದು ಅಪ್‌ಡೇಟ್ ಆದ ವರ್ಷನ್‌ನಲ್ಲಿ. ಹಾಸ್ಟೆಲ್ ವೈಫೈಯಲ್ಲಿ ಪ್ಯಾಚ್ ಇಳಿಯೋಕೆ ಬೆಳಗಿನ ಜಾವ ಆಯ್ತು. ಆಮೇಲೆ ಕರಿಯರ್ ಓಪನ್ ಆಯ್ತು. ಅಪ್ಪಾಜಿ ಟೆಸ್ಟ್ ಮ್ಯಾಚ್‌ನಲ್ಲಿ 43 ನಾಟ್ ಔಟ್, ಬಿಟ್ಟ ಜಾಗದಲ್ಲೇ ನಿಂತಿದ್ದರು. ನಾವು ಒಂದು ಬಾಲ್ ಕೂಡ ಆಡದೆ ಹೊರಗೆ ಬಂದೆವು.

7. ನಾವು ಕಲಿತಿದ್ದು

ಬ್ಯಾಕಪ್ ತೆಗೆದ ಕ್ಷಣಕ್ಕೆ ಕೆಲಸ ಮುಗಿಯಲ್ಲ. ಅದರಿಂದ ವಾಪಸ್ ತಂದು, ತೆರೆದು ನೋಡಿದ ಮೇಲೇ ಅದು ಬ್ಯಾಕಪ್. ಅಲ್ಲಿವರೆಗೂ ಹಳೇ ಡ್ರೈವನ್ನು ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ. ಏನೇ ಎಡವಟ್ಟಾದ್ರೂ ಅದನ್ನೇ ಮತ್ತೆ ಒಳಗೆ ಹಾಕಿ ಮೊದಲಿನಿಂದ ಶುರು ಮಾಡಬಹುದು. ನಮ್ಮ ಹಳೇ ಡ್ರೈವ್ ಈಗಲೂ ಒಂದು ಕವರ್‌ನಲ್ಲಿ, ಮೇಲೆ "ಮುಟ್ಟಬೇಡಿ" ಅಂತ ಬರೆದು, ಕಪಾಟಿನಲ್ಲಿದೆ. ಇದೇ ಮಾತು ನಿಮ್ಮ ಪ್ರಾಜೆಕ್ಟ್ ರಿಪೋರ್ಟ್, ಲ್ಯಾಬ್ ಕೋಡ್, ಮನೆಯವರ ಫೋಟೋಗೂ ಅನ್ವಯಿಸುತ್ತೆ.

ಮತ್ತೆ ಇನ್ನೊಂದು: ಡೇಟಾ ಯಾರದ್ದೋ ಅವರನ್ನು ಮೊದಲೇ ಕೇಳಿ. ಏನು ಉಳಿಯುತ್ತೆ, ಏನು ಹೋಗುತ್ತೆ ಅಂತ ಮುಚ್ಚಿಡದೆ ಹೇಳಿ.

ಯುಗಾದಿಗೆ ಪಿಎಸ್ 4 ಮನೆಗೆ ಹೋಯ್ತು. ಅಪ್ಪಾಜಿ ಅರ್ಧ ಗಂಟೆ ಆಡಿ, "ಇದೇನೋ, ಬೇಗ ಲೋಡ್ ಆಗುತ್ತಲ್ಲ" ಅಂದರಂತೆ. ಟ್ರೋಫಿ ವಿಷಯ ಹೇಳಿದಾಗ, "ಅದೇನದು?" ಅಂತ ಕೇಳಿದರಂತೆ. 61ಕ್ಕೆ ಔಟ್ ಆದರು. ನಮಗೂ ಒಂದು ಡಬ್ಬಿ ಒಬ್ಬಟ್ಟು ಬಂತು.

ಯಾರಾದ್ರೂ ಡ್ರೈವ್ ಬದಲಿಸೋ ಪ್ಲ್ಯಾನ್‌ನಲ್ಲಿದ್ದರೆ ಕನ್ನಡ ಸಂಘದ ರೂಮಿಗೆ ಬನ್ನಿ. ಸ್ಟಾರ್ ಸ್ಕ್ರೂಡ್ರೈವರ್ ನಮ್ಮದು, ಧೈರ್ಯ ನಿಮ್ಮದು.