ಮೆಚ್ಚಿದ ಗಾಯಕ ಬದಲಾದಾಗ

ಧಾರವಾಡ

ಪುಟ್ಟಿ,

ನಿನ್ನ ಪತ್ರ ಓದಿದೆ. ಹೈಸ್ಕೂಲಿನಿಂದ ನೀನು ಹಚ್ಚಿಕೊಂಡಿದ್ದ ಗಾಯಕ ಈಗ ಬೇರೆಯೇ ಧಾಟಿಯಲ್ಲಿ ಹಾಡುತ್ತಿದ್ದಾನೆ, ಬೇಜಾರಾಗಿ ಅವನ ಹಾಡುಗಳನ್ನೆಲ್ಲ ಫೋನಿನಿಂದ ಅಳಿಸಿಬಿಟ್ಟೆ ಎಂದು ಬರೆದಿದ್ದೀಯ. ನಿನ್ನ ಅವ್ವ ಇದನ್ನು ಹುಡುಗಾಟಿಕೆ ಎಂದಳಂತೆ. ನನಗೆ ಹಾಗನ್ನಿಸಲಿಲ್ಲ. ಮನಸಾರೆ ಮೆಚ್ಚಿದವರಿಗೇ ಇಷ್ಟು ನೋವಾಗುವುದು.

ನಮ್ಮ ಸೀಮೆಯ ಸಂಗೀತ ರಸಿಕರಿಗೆ ಈ ನೋವು ಹೊಸದಲ್ಲ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ ದೊಡ್ಡ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆ ಕೇಳಿ ಥೇಟ್ ಅವರಂತೆಯೇ ಹಾಡುತ್ತಿದ್ದ. ಜನ ಬೆರಗಾಗಿ ತಲೆದೂಗುತ್ತಿದ್ದರು. ಅವನೇ ಮುಂದೆ ಕುಮಾರ ಗಂಧರ್ವರಾಗಿ ಹೆಸರಾದದ್ದು. ಮುಂಬಯಿಯಲ್ಲಿ ಗುರು ಬಿ.ಆರ್. ದೇವಧರರ ಬಳಿ ಸಂಗೀತ ಕಲಿತು ಹೆಸರು ಮಾಡುತ್ತಿದ್ದಾಗಲೇ ಕ್ಷಯರೋಗ ಅಂಟಿಕೊಂಡಿತು. ಹವೆ ಒಗ್ಗೀತೆಂದು ಮಾಳವದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ವರ್ಷಗಟ್ಟಲೆ ಹಾಸಿಗೆಯಲ್ಲಿ ಮಲಗಿ ಸುತ್ತಲಿನವರ ಜನಪದ ಹಾಡುಗಳಿಗೆ ಕಿವಿಗೊಟ್ಟರು. 1953ರಲ್ಲಿ ಮತ್ತೆ ಹಾಡಲು ಕೂತಾಗ ಒಂದು ಶ್ವಾಸಕೋಶದ ಬಲ ಹೋಗಿತ್ತು.

ಆಗಿನ ಅವರ ಹಾಡುಗಾರಿಕೆಯನ್ನು ಗಮನವಿಟ್ಟು ಕೇಳು. ಚಿಕ್ಕ ಚಿಕ್ಕ ಸ್ವರಸಮೂಹಗಳು. ಒಂದು ಸ್ವರ ಫಕ್ಕನೆ ಮೇಲೇರಿ ನಿಲ್ಲುತ್ತದೆ, ಆಮೇಲೆ ಬಿಡುವು. ಆ ಬಿಡುವಿನ ತುಂಬ ಹದವಾಗಿ ಶ್ರುತಿಗೂಡಿದ ತಂಬೂರಿಯ ನಾದ. ಉಸಿರಿನ ಕೊರತೆಯಿದ್ದಲ್ಲೇ ಅವರು ಹೊಸ ದಾರಿ ಕಂಡುಕೊಂಡರು. ಘರಾಣೆಯ, ಎಂದರೆ ಗುರುಪರಂಪರೆಯ, ಶಿಸ್ತು ಬಿಟ್ಟರು, ನಿಧಾನಗತಿಯ ವಿಲಂಬಿತಕ್ಕೆ ನ್ಯಾಯ ಸಲ್ಲಿಸಲಿಲ್ಲ ಎಂದು ಸಂಪ್ರದಾಯಸ್ಥರು ಮುಖ ತಿರುಗಿಸಿದರು. ಕುಮಾರರ ನಿರ್ಗುಣ ಭಜನೆಗಳಿಗೆ ಮನಸೋತವರು ಮಾತ್ರ ಕಡೆತನಕ ಅವರನ್ನು ಬಿಡಲಿಲ್ಲ. ಜನರನ್ನು ಮೆಚ್ಚಿಸುವುದೊಂದೇ ಗುರಿಯಾಗಿದ್ದರೆ ಅವರು ಬೇರೆಯವರಂತೆ ಹಾಡುವ ಜಾಣ ಹುಡುಗನಾಗಿಯೇ ಉಳಿಯುತ್ತಿದ್ದರು.

ಗಾಯಕಿ ಗಂಗೂಬಾಯಿ ಹಾನಗಲ್ಲರ ಕತೆಯೂ ಅಷ್ಟೇ. 1930ರ ದಶಕದ ಅವರ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಕಂಠ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡುದನಿಯಷ್ಟು ಗಡುಸಾಯಿತು. ಮಗಳು ಕೃಷ್ಣಾ ಜೊತೆಗೂಡಿ ಹಾಡಿದ್ದನ್ನು ಕೇಳಿನೋಡು. ತಾಯಿ ಕೆಳಗಿನ ಮಂದ್ರ ಸ್ಥಾಯಿಯಲ್ಲಿ ಆತುರವಿಲ್ಲದೆ ರಾಗವನ್ನು ಹರವುತ್ತಾರೆ, ಮಗಳ ಹಗುರ ಕಂಠ ಅದನ್ನು ಎತ್ತಿಕೊಂಡು ಮುಂದೆ ಸಾಗುತ್ತದೆ. ದನಿ ಬದಲಾದರೂ ಗುರು ಸವಾಯಿ ಗಂಧರ್ವರು ಕಲಿಸಿದ ಆ ಸಾವಧಾನ ಹಾಗೇ ಉಳಿದಿತ್ತು. ರಸಿಕರು ಉಳಿದದ್ದೂ ಅದಕ್ಕಾಗಿ.

ಹಾಗಾದರೆ ಬದಲಾದವರು ಮಾತ್ರ ದೊಡ್ಡವರೇ ಎಂದು ನೀನು ಕೇಳಬಹುದು. ಗಾಯಕ ಭೀಮಸೇನ ಜೋಶಿಯವರನ್ನು ನೋಡು. ಮಿಯಾಂ ಕಿ ತೋಡಿ, ಶುದ್ಧ ಕಲ್ಯಾಣದಂಥ ಕೆಲವೇ ಮೆಚ್ಚಿನ ರಾಗಗಳನ್ನು ದಶಕಗಳ ಕಾಲ ಮತ್ತೆ ಮತ್ತೆ ಹಾಡಿದರು. ಜನ ಬೇಸರಪಡಲಿಲ್ಲ, ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ಅವರ ಹಾಡಿಗಾಗಿ ಕಾದು ಕೂರುತ್ತಿದ್ದರು. ಏಕೆಂದರೆ ಹಳೆಯ ರಾಗದಲ್ಲೇ ಅವರು ಇನ್ನೂ ಏನನ್ನೋ ಅರಸುತ್ತಿದ್ದರು. ಗಾಯಕ ಬದಲಾದನೋ ಇಲ್ಲವೋ ಎಂಬುದಲ್ಲ, ಅವನ ಹುಡುಕಾಟ ನಿಂತಿತೋ ಇಲ್ಲವೋ ಎಂಬುದೇ ಮುಖ್ಯ. ಕೇಳುಗರಿಗೆ ಅದು ಬೇಗ ಗೊತ್ತಾಗುತ್ತದೆ. ಚಪ್ಪಾಳೆ ಬಿದ್ದ ಜಾಗಕ್ಕೇ ಗಾಯಕ ಮತ್ತೆ ಮತ್ತೆ ಓಡಿದಾಗ ನಿಷ್ಠಾವಂತರೂ ಮೆಲ್ಲಗೆ ಎದ್ದು ಹೋಗುತ್ತಾರೆ.

ಇನ್ನೊಂದು ಮಾತು, ಪುಟ್ಟಿ. ನಾವು ಮೆಚ್ಚಿದ ಹಾಡಿನೊಳಗೆ ನಮ್ಮ ಹರೆಯವೂ ಸೇರಿಕೊಂಡಿರುತ್ತದೆ. ನಿನ್ನ ಪರೀಕ್ಷೆಯ ರಾತ್ರಿಗಳು, ಹಾಸ್ಟೆಲಿನ ಗೆಳತಿಯರು, ಮೊದಲ ಸಲ ಊರು ಬಿಟ್ಟ ದುಃಖ ಎಲ್ಲವೂ ಆ ಹಾಡುಗಳಲ್ಲಿವೆ. ಅವನ್ನು ಮರಳಿ ಕೊಡು ಎಂದರೆ ಯಾವ ಗಾಯಕನಿಂದಲೂ ಆಗದು. ಕೊಡಲಿಲ್ಲವೆಂದು ಅವನನ್ನು ದ್ರೋಹಿ ಎನ್ನಬೇಡ.

ಹಾಗೆಂದು ಅಭಿಮಾನವೆಂದರೆ ಜೀತವೂ ಅಲ್ಲ. ಅವನ ನಡತೆ ನಿನ್ನ ಮನಸ್ಸಿಗೆ ಒಪ್ಪದಿದ್ದರೆ ಸಮರ್ಥಿಸಿಕೊಳ್ಳುವ ಹೊಣೆ ನಿನ್ನದಲ್ಲ. ಅವನ ಪರವಾಗಿ ಗೆಳತಿಯರೊಡನೆ ಜಗಳಕ್ಕಿಳಿಯುವುದೂ ಬೇಡ.

ಅಳಿಸಿದ ಹಾಡುಗಳನ್ನು ಮತ್ತೆ ತುಂಬಿಕೋ. ಅವು ನಿನಗೆ ಕೊಟ್ಟ ಸುಖ ಸುಳ್ಳಾಗಿಲ್ಲ. ಅವನ ಹೊಸ ಹಾಡುಗಳನ್ನು ಹಳೆಯದರ ಪಕ್ಕದಲ್ಲಿಟ್ಟು ತೂಗದೆ ನಾಲ್ಕಾರು ಸಲ ಕೇಳು. ಅವನು ಏನನ್ನು ಹುಡುಕುತ್ತಿದ್ದಾನೆಂದು ಕಿವಿಗೆ ಬಿದ್ದರೆ ಜೊತೆಗೆ ನಡೆ. ಏನೂ ಕೇಳಿಸದಿದ್ದರೆ ಬಯ್ಯದೆ ಬಿಟ್ಟುಬಿಡು. ಅವನಿಂದ ಕಲಿತ ಕಿವಿ ನಿನ್ನ ಹತ್ತಿರವೇ ಇರುತ್ತದೆ, ಇನ್ನೊಬ್ಬರ ಹಾಡು ಕೇಳಲು ಒದಗುತ್ತದೆ. ರಜೆಗೆ ಬಂದಾಗ ಯಾವ ದಾರಿ ಹಿಡಿದೆ ಎಂದು ಹೇಳು. ಅವನ ಹೊಸ ಹಾಡನ್ನು ನನಗೂ ಕೇಳಿಸು.

ನಿನ್ನ ಪ್ರೀತಿಯ
ಅಜ್ಜ