ಶೋಧಕಯಂತ್ರವೂ ಊರಿನ ಬರಹಗಾರನೂ

ಕನ್ನಡನಾಡಿನಲ್ಲಿ ಸಾಲಿಗ್ರಾಮವೆಂಬ ಹೆಸರಿನ ಪ್ರಸಿದ್ಧ ಊರುಗಳು ಎರಡಿವೆ. ಒಂದು ಉಡುಪಿ ಜಿಲ್ಲೆಯ ಕಡಲ ಸೀಮೆಯಲ್ಲಿದೆ. ಅಲ್ಲಿಯ ಗುರುನರಸಿಂಹ ದೇವಾಲಯ ಹೆಸರುವಾಸಿಯಾದುದು. ಶಿವರಾಮ ಕಾರಂತರು ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ ವಾಸವಾಗಿದ್ದ ಊರೂ ಅದೇ. ಇನ್ನೊಂದು ಮೈಸೂರು ಜಿಲ್ಲೆಯದು. ಬಹುಕಾಲ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿದ್ದು, ಇತ್ತೀಚಿನ ವರ್ಷಗಳಲ್ಲಿ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ರಾಮಾನುಜಾಚಾರ್ಯರು ಇಲ್ಲಿಗೆ ಬಂದಿದ್ದರೆಂಬ ಐತಿಹ್ಯವುಂಟು. ಇವೆರಡೂ ಸಾಲದೆಂಬಂತೆ ಗಂಡಕೀ ನದಿಯಲ್ಲಿ ದೊರೆಯುವ, ಪೂಜೆಗೆ ಸಲ್ಲುವ ಶಿಲೆಗೂ ಅದೇ ಹೆಸರು. ಹೀಗಿರುವಲ್ಲಿ, ಕೆ.ಆರ್. ನಗರದ ವಿದ್ಯಾರ್ಥಿಯೊಬ್ಬನು ತನ್ನ ಊರಿನ ವಿಷಯ ತಿಳಿಯಬೇಕೆಂದು ಗಣಕದ ಮುಂದೆ ಕುಳಿತು ‘ಸಾಲಿಗ್ರಾಮ’ ಎಂಬ ಒಂದೇ ಪದವನ್ನು ಒತ್ತಿದರೆ, ಯಂತ್ರವು ಮೂರರಲ್ಲಿ ಯಾವುದನ್ನು ಮೊದಲು ತೋರಿಸಬೇಕು?

ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ಅಂತರಜಾಲದಲ್ಲಿ ಬರೆಯುವವನ ಅಳಿವು ಉಳಿವು ಈ ‘ಮೊದಲು’ ಎಂಬ ಮಾತಿನಲ್ಲಿ ಅಡಗಿದೆ. ಹುಡುಕುವವರಲ್ಲಿ ಹೆಚ್ಚಿನವರು ಮೊದಲ ಪುಟವನ್ನು ದಾಟುವುದಿಲ್ಲ. ಹುಣಸೂರಿನಲ್ಲಿಯೋ ಪಿರಿಯಾಪಟ್ಟಣದಲ್ಲಿಯೋ ಒಬ್ಬ ಉಪಾಧ್ಯಾಯರಿದ್ದಾರೆಂದು ಭಾವಿಸೋಣ. ಅವರು ಬಿಡುವಿನಲ್ಲಿ ತಮ್ಮ ಸೀಮೆಯ ಜಾತ್ರೆ, ಕೆರೆ, ಶಾಸನ, ಬೇಸಾಯಗಳನ್ನು ಕುರಿತು ಒಂದು ಬ್ಲಾಗಿನಲ್ಲಿ ಬರೆಯುತ್ತಾರೆ. ದಿನಕ್ಕೆ ನೂರು ಮಂದಿ ಓದುತ್ತಿದ್ದ ಆ ಬರಹಗಳನ್ನು ಒಂದು ಬೆಳಿಗ್ಗೆಯಿಂದ ಹತ್ತು ಮಂದಿಯೂ ಓದದಂತಾಗುತ್ತದೆ. ಬರಹದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಬದಲಾದದ್ದು, ಯಾವ ಪುಟ ಮೊದಲು ಯಾವುದು ಆಮೇಲೆ ಎಂದು ನಿರ್ಣಯಿಸುವ ಯಂತ್ರದ ಕ್ರಮವಿಧಿ.

ಶೋಧಕಯಂತ್ರದ ಕೆಲಸವನ್ನು ಅರಿತುಕೊಳ್ಳದೆ ಅದನ್ನು ದೂರಿ ಪ್ರಯೋಜನವಿಲ್ಲ. ದೊಡ್ಡ ಗ್ರಂಥಗಳ ಕೊನೆಯಲ್ಲಿ ಪದಸೂಚಿ ಇರುವುದನ್ನು ನೀವು ಕಂಡಿರುವಿರಿ. ಒಂದು ಪದ ಯಾವ ಯಾವ ಪುಟದಲ್ಲಿ ಬಂದಿದೆಯೆಂದು ಅದು ತಿಳಿಸುತ್ತದೆ. ಶೋಧಕಯಂತ್ರವೂ ಮಾಡುವುದು ಮೂಲತಃ ಇದನ್ನೇ. ಅದರ ತಂತ್ರಾಂಶವೊಂದು ಜೇಡನಂತೆ ಪುಟದಿಂದ ಪುಟಕ್ಕೆ ಕೊಂಡಿ ಹಿಡಿದು ಹರಿದಾಡಿ, ಕಂಡ ಪದಗಳನ್ನೆಲ್ಲ ಸೂಚಿಗೆ ಸೇರಿಸುತ್ತದೆ. ತೊಡಕು ಹುಟ್ಟುವುದು ಆಮೇಲೆ. ಒಂದು ಪದ ಲಕ್ಷ ಪುಟಗಳಲ್ಲಿ ಬಂದಿದ್ದರೆ ಅವುಗಳ ಸರದಿಯನ್ನು ಗೊತ್ತುಮಾಡಬೇಕು. ಆ ಸರದಿಯ ನಿಯಮಾವಳಿಗೆ ಆಲ್ಗರಿದಮ್ ಎಂದು ಹೆಸರು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದು, ಭಾರತೀಯ ಅಂಕಿಗಳ ಗಣಿತವನ್ನು ಕುರಿತು ಗ್ರಂಥ ಬರೆದ ಅಲ್ ಖ್ವಾರಿಜ್ಮಿಯ ಹೆಸರಿನಿಂದ ಈ ಪದ ಬಂದಿದೆ. ನಮ್ಮ ಅಂಕಿಗಳು ಸುತ್ತಿ ಬಳಸಿ ನಮ್ಮ ಬಾಗಿಲಿಗೇ ಬಂದಂತಾಯಿತು.

ಮೊದಮೊದಲ ಯಂತ್ರಗಳು ಪುಟದಲ್ಲಿ ಒಂದು ಪದ ಎಷ್ಟು ಸಲ ಬಂದಿದೆಯೆಂಬುದಕ್ಕೆ ಬಹಳ ಬೆಲೆ ಕೊಡುತ್ತಿದ್ದವು. ಇದನ್ನರಿತ ಕೆಲವರು ಒಂದೇ ಪದವನ್ನು ನೂರು ಸಲ ತುರುಕಿ ಮುಂದಿನ ಸ್ಥಾನ ಗಿಟ್ಟಿಸಿಕೊಂಡರು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಬೇರೊಂದು ದಾರಿಯನ್ನು ತೋರಿಸಿದರು. ವಿದ್ವಾಂಸರ ಲೇಖನಗಳಲ್ಲಿ ಇತರರು ಹೆಚ್ಚಾಗಿ ಉಲ್ಲೇಖಿಸುವ ಲೇಖನಕ್ಕೆ ಮನ್ನಣೆಯಿರುವಂತೆ, ಬೇರೆ ಪುಟಗಳು ಯಾವ ಪುಟಕ್ಕೆ ಕೊಂಡಿ ಕೊಟ್ಟಿವೆಯೋ ಅದಕ್ಕೆ ಹೆಚ್ಚಿನ ತೂಕವಿರಬೇಕೆಂಬುದು ಅವರ ಯೋಚನೆ. ಗೂಗಲ್ ಕಂಪನಿ ಬೆಳೆದದ್ದು ಈ ತಳಹದಿಯ ಮೇಲೆ. ಆದರೆ ಕೊಂಡಿಗೆ ಬೆಲೆಯಿದೆಯೆಂದ ಕೂಡಲೇ ಕೊಂಡಿಯ ವ್ಯಾಪಾರವೂ ಆರಂಭವಾಯಿತು. ಯಂತ್ರವು ನಿಯಮ ಬದಲಿಸುವುದು, ಜನರು ಹೊಸ ನಿಯಮಕ್ಕೆ ಹೊಸ ಉಪಾಯ ಹೂಡುವುದು, ಮತ್ತೆ ನಿಯಮ ಬದಲಾಗುವುದು, ಇದೇ ಅಂದಿನಿಂದ ಇಂದಿನವರೆಗಿನ ಕಥೆ. 2003ರ ನವೆಂಬರಿನ ಬದಲಾವಣೆ ಕ್ರಿಸ್‌ಮಸ್ ವ್ಯಾಪಾರದ ಹೊತ್ತಿನಲ್ಲಿ ಅಮೆರಿಕದ ಎಷ್ಟೋ ಸಣ್ಣ ಅಂಗಡಿಗಳ ಪುಟಗಳನ್ನು ಕಣ್ಣಿಗೆ ಕಾಣದಂತೆ ಹಿಂದೆ ತಳ್ಳಿತು. 2011ರ ಫೆಬ್ರವರಿಯದಕ್ಕೆ ಪಾಂಡಾ ಎಂದೂ 2012ರ ಏಪ್ರಿಲಿನದಕ್ಕೆ ಪೆಂಗ್ವಿನ್ ಎಂದೂ ಹೆಸರು. ಮೊದಲನೆಯದು ಹುರುಳಿಲ್ಲದ ಬರಹವನ್ನೂ ಎರಡನೆಯದು ಕೃತಕ ಕೊಂಡಿಗಳನ್ನೂ ಗುರಿಯಾಗಿಟ್ಟುಕೊಂಡಿದ್ದವು. ಹೆಸರುಗಳೇನೋ ಮೈಸೂರಿನ ಮೃಗಾಲಯವನ್ನು ನೆನಪಿಗೆ ತರುತ್ತವೆ. ಪೆಟ್ಟು ತಿಂದವರಿಗೆ ಅದರಲ್ಲಿ ವಿನೋದವೇನೂ ಕಾಣಲಿಲ್ಲ.

ಈ ಸೀಮೆಯ ರೈತರಿಗೆ ಇಂತಹ ಅನುಭವ ಹೊಸದೇನಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹಗುರ ಮಣ್ಣಿನಲ್ಲಿ ಹೊಗೆಸೊಪ್ಪು ಮುಖ್ಯವಾದ ಹಣದ ಬೆಳೆ. 1976ರ ಜನವರಿಯಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಯಿತು. 1984ರಿಂದ ಕರ್ನಾಟಕದಲ್ಲಿ ಅದರ ಹರಾಜು ನಡೆಯುತ್ತಿದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜು ಕಟ್ಟೆಗಳಲ್ಲಿ ಬೇಲುಗಳ ಸಾಲಿನ ಹಿಂದೆ ನಿಂತ ಬೆಳೆಗಾರನ ಮುಖವನ್ನು ನೋಡಿದವರಿಗೆ ನಮ್ಮ ಉಪಾಧ್ಯಾಯರ ಪಾಡು ಸುಲಭವಾಗಿ ಅರ್ಥವಾದೀತು. ಬ್ಯಾರನ್ನಿನಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು, ಬೆಂಕಿಯ ಹದ ತಪ್ಪದಂತೆ ಕಾಯ್ದು ಎಲೆಯನ್ನು ಹೊನ್ನಿನ ಬಣ್ಣಕ್ಕೆ ತಂದವನು ತಾನು. ಆದರೆ ಅದಕ್ಕೆ ದರ್ಜೆ ಕಟ್ಟುವವರು ಬೇರೆ, ಬೆಲೆ ಕೂಗುವವರು ಬೇರೆ. ಮೇಲೆ ಒಳ್ಳೆಯ ಎಲೆಯನ್ನಿಟ್ಟು ನಡುವೆ ಕೀಳು ಎಲೆಯನ್ನು ಅಡಗಿಸುವ ಕುಯುಕ್ತಿ ಬೇಲಿನಲ್ಲಿಯೂ ಉಂಟು, ಬ್ಲಾಗಿನಲ್ಲಿಯೂ ಉಂಟು. ಆದರೂ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ರೈತನು ಬೇಲನ್ನು ಮಾರದೆ ಹಿಂದಕ್ಕೆ ಪಡೆಯಬಹುದು. ಎದುರಿಗಿರುವ ಅಧಿಕಾರಿಯನ್ನು ಕೇಳಬಹುದು. ಮಾತು ಮೀರಿದರೆ ಹರಾಜನ್ನೇ ನಿಲ್ಲಿಸಿ ಪ್ರತಿಭಟಿಸಬಹುದು. ಶೋಧಕಯಂತ್ರದ ಕಟ್ಟೆಯಲ್ಲಿ ಎದುರಿಗೆ ಯಾರೂ ಇಲ್ಲ. ವರ್ಷಕ್ಕೆ ಸಾವಿರಾರು ಸಣ್ಣಪುಟ್ಟ ಬದಲಾವಣೆಗಳಾಗುತ್ತವೆ. ಸರದಿಯ ಪೂರ್ಣ ನಿಯಮವನ್ನು ಕಂಪನಿ ಹೊರಗೆಡಹುವುದಿಲ್ಲ. ಹೊರಗೆಡಹಿದರೆ ಮರುದಿನವೇ ಅದನ್ನು ವಂಚಿಸುವವರು ಹುಟ್ಟಿಕೊಳ್ಳುತ್ತಾರೆಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ತಪ್ಪು ಮಾಡದವನಿಗೂ ಕಾರಣ ತಿಳಿಯದೆ ಶಿಕ್ಷೆಯಾಗುವುದನ್ನು ಆ ಮಾತು ಸಮರ್ಥಿಸಲಾರದು.

ಕನ್ನಡದಲ್ಲಿ ಬರೆಯುವವರಿಗೆ ತೊಡಕುಗಳು ಇನ್ನೂ ಹೆಚ್ಚು. 1996ರಲ್ಲಿ ಯು.ಬಿ. ಪವನಜರ ‘ವಿಶ್ವಕನ್ನಡ’ ಅಂತರಜಾಲದಲ್ಲಿ ಕಾಣಿಸಿಕೊಂಡ ಕಾಲದಲ್ಲಿ ಕನ್ನಡದ ಪುಟಗಳನ್ನು ಆಯಾ ಅಕ್ಷರಶೈಲಿಗೆ ತಕ್ಕ ಗುಪ್ತ ಸಂಕೇತಗಳಲ್ಲಿ ಬರೆಯಬೇಕಾಗಿತ್ತು. ನೋಡುವ ಕಣ್ಣಿಗೆ ಅದು ಕನ್ನಡ. ಯಂತ್ರದ ಸೂಚಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ ಬಳಕೆಗೆ ಬಂದ ಮೇಲೆಯೇ ಕನ್ನಡ ಬರಹ ಹುಡುಕಿದವರಿಗೆ ಸಿಗುವಂತಾದುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರು ಆರಂಭಿಸಿದ ‘ಸಂಪದ’ ಈ ಹೊಸ ಲಿಪಿಸಂಕೇತದ ಬಲದಿಂದ ಬೆಳೆದವು. ಹಳೆಯ ಸಂಕೇತದಲ್ಲಿದ್ದ ಪುಟಗಳನ್ನು ಯಾರು ಹೊಸದಕ್ಕೆ ಮಾರ್ಪಡಿಸಲಿಲ್ಲವೋ ಅವರ ಬರಹ ಇದ್ದೂ ಇಲ್ಲದಂತಾಯಿತು.

ಇನ್ನೊಂದು ತೊಡಕು ನಮ್ಮ ವ್ಯಾಕರಣದ್ದು. ಇಂಗ್ಲಿಷಿನಲ್ಲಿ ಹುಣಸೂರೆಂಬ ಹೆಸರು ಎಲ್ಲಿ ಬಂದರೂ ಒಂದೇ ರೂಪ. ಕನ್ನಡದಲ್ಲಿ ಅದು ಹುಣಸೂರಿಗೆ, ಹುಣಸೂರಿನಿಂದ, ಹುಣಸೂರಿನಲ್ಲಿಯೂ, ಹುಣಸೂರಿನವರಾದ ಎಂದು ವೇಷ ಬದಲಿಸುತ್ತದೆ. ಇವೆಲ್ಲವೂ ಒಂದೇ ಊರೆಂದು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ, ಯಂತ್ರಕ್ಕೆ ಕಲಿಸಬೇಕು. ಮಾತಿನ ಸಂದರ್ಭವನ್ನು ಗ್ರಹಿಸುವ ಬರ್ಟ್ ಎಂಬ ವಿಧಾನವನ್ನು ಗೂಗಲ್ 2019ರ ಅಕ್ಟೋಬರಿನಲ್ಲಿ ಇಂಗ್ಲಿಷಿಗೂ, ಡಿಸೆಂಬರಿನಲ್ಲಿ ಕನ್ನಡವೂ ಸೇರಿದಂತೆ 70ಕ್ಕೂ ಹೆಚ್ಚು ಭಾಷೆಗಳಿಗೂ ಅಳವಡಿಸಿತು. ಇದರಿಂದ ಸ್ವಲ್ಪ ಉಪಕಾರವಾಗಿದೆ. ಆದರೂ ಪಿರಿಯಾಪಟ್ಟಣವು ಇಂಗ್ಲಿಷಿನಲ್ಲಿ ಒಮ್ಮೆ ಪೆರಿಯಪಟ್ನ, ಒಮ್ಮೆ ಪಿರಿಯಪಟ್ನ. ಕೃಷ್ಣರಾಜನಗರಕ್ಕೆ ಹಳೆಯ ಹೆಸರು ಎಡತೊರೆ. ಹೆಗ್ಗಡದೇವನಕೋಟೆಯ ಸುತ್ತಿನವರಿಗೆ ಅದು ಬರಿಯ ‘ಕೋಟೆ’. ಯಂತ್ರವು ಎಡವಲು ಇಷ್ಟು ಸಾಕು.

ಯಂತ್ರದ ನಿರ್ಣಯವನ್ನು ಪರಮಪ್ರಮಾಣವೆಂದು ನಂಬುವವರು 2021ರ ಜೂನ್ ತಿಂಗಳ ಪ್ರಸಂಗವನ್ನು ನೆನೆಯಬೇಕು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ‘ಕನ್ನಡ’ ಎಂದು ಉತ್ತರ ಕೊಟ್ಟಿತು. ನಾಡೆಲ್ಲ ಕೆರಳಿತು, ಸರ್ಕಾರದ ಸಚಿವರು ಕ್ಷಮಾಪಣೆಯನ್ನು ಕೇಳಿದರು, ಕಂಪನಿ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಯಾಚಿಸಿತು. ಅದು ಕಂಪನಿಯ ಅಭಿಪ್ರಾಯವಾಗಿರಲಿಲ್ಲ. ಎಲ್ಲಿಯೋ ಯಾರೋ ಬರೆದಿದ್ದ ಹೀನ ಪುಟವೊಂದು ಕೇಳಿದ ಪದಗಳಿಗೆ ಸರಿಯಾಗಿ ಹೊಂದಿಕೊಂಡಿತ್ತು. ಯಂತ್ರ ಅದನ್ನೆತ್ತಿ ಮೊದಲ ಸಾಲಿನಲ್ಲಿಟ್ಟಿತು. ಅಂತಹ ಪ್ರಶ್ನೆಗೆ ಉತ್ತರವೇ ಇಲ್ಲವೆಂಬುದನ್ನು ತಿಳಿಯುವ ವಿವೇಕ ಅದಕ್ಕಿರಲಿಲ್ಲ.

ಹಾಗಾದರೆ ನಮ್ಮ ಉಪಾಧ್ಯಾಯರು ಏನು ಮಾಡಬೇಕು? ಮೊದಲನೆಯದಾಗಿ, ಅವಸರಪಡಬಾರದು. ದೊಡ್ಡ ಬದಲಾವಣೆಗಳು ಜಾಲದಲ್ಲೆಲ್ಲ ಹರಡಲು ಸಾಮಾನ್ಯವಾಗಿ ಎರಡು ವಾರ ಹಿಡಿಯುತ್ತವೆ. 2024ರ ಮಾರ್ಚ್ 5ರಂದು ತೊಡಗಿದ ಬದಲಾವಣೆಗೆ 45 ದಿನಗಳು ಬೇಕಾದುವು. ಆ ನಡುವೆ ಸರದಿ ದಿನಕ್ಕೊಂದು ಬಗೆಯಾಗಿ ಏರಿಳಿಯುತ್ತಿರುತ್ತದೆ. ಮುಂಗಾರಿನ ಮೊದಲ ವಾರ ಮಳೆ ಬರಲಿಲ್ಲವೆಂದು ಯಾರೂ ಹೊಲವನ್ನು ಮಾರುವುದಿಲ್ಲ. ಓದುಗರು ಕಡಿಮೆಯಾದುದು ನಿಜವಾಗಿಯೂ ಸರದಿ ಬದಲಾದುದರಿಂದಲೋ, ಇಲ್ಲವೆ ಋತು ಬದಲಾದುದರಿಂದಲೋ ಎಂಬುದನ್ನೂ ನೋಡಬೇಕು. ಹೊಗೆಸೊಪ್ಪಿನ ಹರಾಜನ್ನು ಕುರಿತ ಬರಹವನ್ನು ಹರಾಜು ಮುಗಿದ ಮೇಲೆ ಯಾರು ಹುಡುಕುತ್ತಾರೆ? ಹೋಲಿಕೆ ಮಾಡುವುದಾದರೆ ಹಿಂದಿನ ವರ್ಷದ ಅದೇ ತಿಂಗಳಿನೊಡನೆ ಮಾಡಬೇಕು. ಯಾವ ಪದವನ್ನು ಒತ್ತಿದವರು ಯಾವ ಪುಟಕ್ಕೆ ಬಂದರೆಂಬ ಲೆಕ್ಕವನ್ನು ಗೂಗಲಿನ ಸರ್ಚ್ ಕನ್ಸೋಲ್ ಬೆಲೆಯಿಲ್ಲದೆ ಒದಗಿಸುತ್ತದೆ. ಅದನ್ನು ನೋಡಿದರೆ ಬ್ಲಾಗಿಗೆ ಬ್ಲಾಗೇ ಬಿದ್ದಿದೆಯೋ, ಎರಡು ಮೂರು ಪುಟಗಳು ಮಾತ್ರವೋ ಎಂಬುದು ತಿಳಿಯುತ್ತದೆ.

ಎರಡನೆಯದು ಕಷ್ಟದ ಕೆಲಸ. ಅದು ತನ್ನ ಬರಹವನ್ನು ತಾನೇ ನಿಷ್ಠುರವಾಗಿ ಓದುವುದು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿಯ ದಂಡೆಯ ಮೇಲೆ ಕಿತ್ತೂರೆಂಬ ಊರಿತ್ತು. ಪ್ರಾಚೀನ ಪುನ್ನಾಟ ಅರಸರ ರಾಜಧಾನಿ ಕಿತ್ತಿಪುರ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ‘ಕಿತ್ತೂರು’ ಎಂದಷ್ಟೇ ಬರೆದರೆ ಯಂತ್ರವೇಕೆ, ಕನ್ನಡಿಗರೇ ರಾಣಿ ಚೆನ್ನಮ್ಮನ ಕಿತ್ತೂರನ್ನು ನೆನೆಯುತ್ತಾರೆ. ಬರಹಗಾರನು ತನ್ನ ಊರನ್ನು ತಾನು ಬಲ್ಲನಾದುದರಿಂದ ಓದುಗನೂ ಬಲ್ಲನೆಂದು ಭಾವಿಸಿ ವಿವರವನ್ನು ಬಿಟ್ಟಿರುತ್ತಾನೆ. ಕಬಿನಿಯ ಕಿತ್ತೂರು, ಪುನ್ನಾಟರ ಕಿತ್ತಿಪುರ, ಎಚ್.ಡಿ. ಕೋಟೆ ಎಂದು ಸಹಜವಾದ ವಾಕ್ಯಗಳಲ್ಲಿ ಸ್ಪಷ್ಟಪಡಿಸಿದರೆ ಅದು ಯಂತ್ರಕ್ಕೆ ಮಾಡಿದ ಓಲೈಕೆಯಾಗದು. ದೂರದ ಓದುಗನಿಗೆ ಸಲ್ಲಿಸಬೇಕಾದ ಸಾಲ ತೀರಿದಂತಾಗುತ್ತದೆ. ಬೇರೆ ಪುಟಗಳಿಂದ ಎತ್ತಿ ಪೋಣಿಸಿದ ‘ನೋಡಬೇಕಾದ ಹತ್ತು ಸ್ಥಳಗಳು’ ಬಗೆಯ ಬರಹಗಳನ್ನು ಕಿತ್ತುಹಾಕಲು ಹಿಂಜರಿಯಬಾರದು. ಅಂತಹವುಗಳನ್ನು ಬೆಂಗಳೂರಿನಲ್ಲಿ ಕುಳಿತವನೂ ಬರೆಯಬಲ್ಲನು. ಈಗ ಯಂತ್ರವೇ ಬರೆಯುತ್ತದೆ.

ಈ ಕೊನೆಯ ಮಾತನ್ನು ಸ್ವಲ್ಪ ವಿವರಿಸಬೇಕು. 2024ರ ಆಗಸ್ಟಿನಿಂದ ಭಾರತದಲ್ಲಿಯೂ ಗೂಗಲ್ ಕೆಲವು ಪ್ರಶ್ನೆಗಳಿಗೆ ಪುಟಗಳ ಪಟ್ಟಿಗಿಂತ ಮೇಲೆ ಕೃತಕ ಬುದ್ಧಿಮತ್ತೆಯಿಂದ ರಚಿಸಿದ ಉತ್ತರವನ್ನು ತೋರಿಸಲಾರಂಭಿಸಿತು. ಓದುಗನು ಆ ಉತ್ತರದಿಂದ ತೃಪ್ತನಾದರೆ ಯಾವ ಬ್ಲಾಗಿನ ಬಾಗಿಲನ್ನೂ ತಟ್ಟುವುದಿಲ್ಲ. ಸರದಿಯಲ್ಲಿ ಮೊದಲಿಗನಾಗಿದ್ದರೂ ಮನೆಗೆ ಯಾರೂ ಬರದ ಸ್ಥಿತಿಯಿದು. ಆದುದರಿಂದ ಒಂದೇ ದಾರಿಯನ್ನು ನೆಚ್ಚುವುದು ಈಗ ಹಿಂದೆಂದಿಗಿಂತ ಅಪಾಯಕರ. ಓದುಗರ ಅಂಚೆ ವಿಳಾಸಗಳ ಪಟ್ಟಿಯೊಂದನ್ನು ಅವರ ಒಪ್ಪಿಗೆಯಿಂದ ಇಟ್ಟುಕೊಂಡು ಹೊಸ ಬರಹವನ್ನು ನೇರವಾಗಿ ಕಳುಹಿಸಬಹುದು. ಊರಿನ ವಾಟ್ಸ್‌ಆ್ಯಪ್ ಬಳಗದಲ್ಲಿ ಹಂಚಬಹುದು. ಮೈಸೂರಿನ ಪತ್ರಿಕೆಗೆ ಒಂದು ಬರಹವನ್ನು ಕೊಡಬಹುದು. ಬರೆದುದೆಲ್ಲದರ ಪ್ರತಿಯನ್ನು ತನ್ನ ಬಳಿಯೂ ಇಟ್ಟುಕೊಳ್ಳಬೇಕು. ಲಕ್ಷಾಂತರ ಜನರ ಪುಟಗಳಿಗೆ ನೆಲೆಯಾಗಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿಹೋಯಿತು. ಬ್ಲಾಗುಗಳನ್ನು ಓದಲು ಅನೇಕರು ಅವಲಂಬಿಸಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತಿತು. ಹರಾಜು ಕಟ್ಟೆಯನ್ನೇ ಕಿತ್ತೊಯ್ದ ಹಾಗೆ.

ಹೀಗೆಲ್ಲ ಮಾಡಿದರೂ ಹೋದ ಓದುಗರು ಮರಳಿ ಬರುವರೆಂಬ ಭರವಸೆಯನ್ನು ಯಾರೂ ಕೊಡಲಾರರು. 2023ರ ಸೆಪ್ಟೆಂಬರಿನ ಬದಲಾವಣೆಯಲ್ಲಿ ಪೆಟ್ಟು ತಿಂದ ಹಲವು ಸ್ವತಂತ್ರ ಬರಹಗಾರರು ವಿದೇಶಗಳಲ್ಲಿ ತಮ್ಮ ತಾಣಗಳನ್ನೇ ಮುಚ್ಚಬೇಕಾಯಿತು. ಅವರಲ್ಲಿ ಶ್ರಮಪಟ್ಟು ಪ್ರಾಮಾಣಿಕವಾಗಿ ಬರೆದವರೂ ಇದ್ದರು. ಬ್ಲಾಗಿನ ಜಾಹೀರಾತನ್ನೇ ಜೀವನಕ್ಕೆ ನಂಬಿದವರ ನಷ್ಟ ನಮ್ಮ ಉಪಾಧ್ಯಾಯರ ನಷ್ಟಕ್ಕಿಂತ ಬಲು ದೊಡ್ಡದು. ಅವರಿಗಾದರೋ ತಿಂಗಳ ಸಂಬಳವಿದೆ. ಅವರಿಗೆ ಉಳಿಯುವುದು ಬೇರೊಂದು ಚಿಂತೆ. ಅಜ್ಜಂದಿರಿಂದ ಕೇಳಿ ಬರೆದ ಸಂಗತಿಗಳು, ನಾಗರಹೊಳೆಯ ಅಂಚಿನ ಹಾಡಿಗಳಲ್ಲಿ ಜೇನುಕುರುಬರು ಹೇಳಿದ ಗಿಡಮರಗಳ ಹೆಸರುಗಳು, ಚುಂಚನಕಟ್ಟೆಯಲ್ಲಿ ಕಾವೇರಿ ಯಾವ ವರ್ಷ ಎಷ್ಟು ತುಂಬಿ ಧುಮುಕಿತೆಂಬ ದಾಖಲೆ, ಇವು ಬೇರಾವ ಪುಸ್ತಕದಲ್ಲಿಯೂ ಇಲ್ಲದಿರಬಹುದು.

ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ಬಯಲಾದ ದಂಡೆಗೆ ಆನೆಗಳ ಹಿಂಡು ಮೇಯಲು ಬರುತ್ತದೆ. ಆ ದಿನಗಳಲ್ಲಿ ಅವರು ಟಿಪ್ಪಣಿಯ ಪುಸ್ತಕದೊಡನೆ ಅತ್ತ ಹೋಗಿ, ನೀರಿನ ಮಟ್ಟವನ್ನೂ ತಾರೀಖನ್ನೂ ಗುರುತಿಸಿಕೊಂಡು ಬರುತ್ತಾರೆ. ಸಂಜೆ ಅದನ್ನು ಬ್ಲಾಗಿಗೆ ಏರಿಸುತ್ತಾರೆ. ಒಂದು ಪ್ರತಿಯನ್ನು ಅಚ್ಚುಮಾಡಿಸಿ ಶಾಲೆಯ ಗ್ರಂಥಾಲಯದಲ್ಲಿ, ಸಾಲಿಗ್ರಾಮದ ಬರಹದ ಪಕ್ಕದಲ್ಲಿ, ಇಡುತ್ತಾರೆ.