ಸ್ಕ್ಯಾಂಡಿ ಚಾಕುವಿಗೆ ಸಾಣೆ ಹಿಡಿಯೋದು ಹೇಗೆ?

ಸ್ವೀಡನ್ನಿನ ಮೋರಾ, ಫಿನ್ಲೆಂಡಿನ ಪುಕ್ಕೊ ಮರ ಕೆತ್ತೋಕೆ ಹೆಸರಾದ ಚಾಕುಗಳು. ಇವುಗಳ ಅಲಗಿನ ಪ್ರತಿ ಬದಿಯಲ್ಲೂ ಒಂದೇ ಒಂದು ಅಗಲವಾದ ಇಳಿಜಾರು, ಅಂದ್ರೆ ಬೆವೆಲ್, ನೇರವಾಗಿ ಅಂಚಿನವರೆಗೂ ಬರುತ್ತೆ. ಇದೇ ಸ್ಕ್ಯಾಂಡಿ ಗ್ರೈಂಡ್. ಕೆತ್ತುವಾಗ ಈ ಬೆವೆಲ್ ಮರದ ಮೇಲೆ ಚಪ್ಪಟೆಯಾಗಿ ಕೂತು ಅಲಗನ್ನು ನಡೆಸುತ್ತೆ.

ಗೈಡೆಡ್ ಶಾರ್ಪ್ನರ್‌ನಲ್ಲಿ ಕ್ಲಾಂಪ್ ಚಾಕುವನ್ನು ಹಿಡಿಯುತ್ತೆ, ಕಂಬಿ ಕಲ್ಲಿನ ಕೋನ ಕಾಯುತ್ತೆ. ಅಡುಗೆಮನೆ ಚಾಕುವಿನ ಹಾಗೆ 20° ಇಟ್ಟರೆ ಅಂಚಿನಲ್ಲಿ ಇನ್ನೊಂದು ಪುಟ್ಟ ಬೆವೆಲ್ ಹುಟ್ಟುತ್ತೆ. ಚಾಕು ಹರಿತವಾಗೇ ಇರುತ್ತೆ, ಆದರೆ ಅದರ ಬೆನ್ನು ಎತ್ತಿದರೆ ಮಾತ್ರ ಮರಕ್ಕೆ ಕಚ್ಚುತ್ತೆ.

ಹಾಗಾಗಿ ನಾವು ಮೊದಲು ವರ್ನಿಯರ್ ಹಿಡಿಯೋಣ. ಅಲಗಿನ ದಪ್ಪ 2.5 ಮಿ.ಮೀ., ಬೆವೆಲ್‌ನ ಅಗಲ 6 ಮಿ.ಮೀ. ಅಂದ್ಕೊಳ್ಳಿ. ಅರ್ಧ ದಪ್ಪವನ್ನು ಅಗಲದಿಂದ ಭಾಗಿಸಿದರೆ ಕೋನದ ಸೈನ್ ಸಿಗುತ್ತೆ: 1.25 ÷ 6 = 0.208. ಅಂದ್ರೆ ಒಂದು ಬದಿಗೆ ಸುಮಾರು 12°.

ಆಮೇಲೆ ಬೆವೆಲ್‌ಗೆ ಮಾರ್ಕರ್ ಬಳಿದು ಕಲ್ಲನ್ನು ಒಂದು ಸಲ ಎಳೆಯೋಣ. ಅಂಚಲ್ಲಿ ಮಾತ್ರ ಬಣ್ಣ ಹೋದರೆ ಕೋನ ಜಾಸ್ತಿ, ಮೇಲ್ಗಡೆ ಮಾತ್ರ ಹೋದರೆ ಕಡಿಮೆ, ಪೂರ್ತಿ ಹೋದರೆ ಸರಿ. ಆಚೆ ಬದಿಯ ಉದ್ದಕ್ಕೂ ಬರ್ ಎದ್ದಮೇಲೆ ಚಾಕು ತಿರುಗಿಸಬೇಕು.

ಕ್ಲಾಂಪ್ 12°ಗೆ ಇಳಿಯದಿದ್ದರೆ? ಅದನ್ನು ಪಕ್ಕಕ್ಕಿಟ್ಟು, ಬೆವೆಲ್ಲನ್ನೇ ಸಾಣೆಕಲ್ಲಿನ ಮೇಲೆ ಚಪ್ಪಟೆಯಾಗಿ ಕೂರಿಸಿ ಉಜ್ಜಿದರಾಯ್ತು.